ಹಿತ್ತಲಲ್ಲಿ ಸರಿದಾಡಿದ ಗೂಟಗಳು

ಲೆಕ್ಕದ ಮೇಷ್ಟ್ರು ಹಿತ್ತಲಲ್ಲಿ ತೋಟ ಮಾಡುತ್ತೇನೆಂದು ಹೊರಟಾಗ ಅವರ ಹೆಂಡತಿಗೆ ಖುಷಿಯೇ ಆಗಿತ್ತು. ನಕ್ಷೆ ನೋಡಿದ ಮೇಲೆ ಆ ಖುಷಿ ಅರ್ಧಕ್ಕಿಳಿಯಿತು. ಗ್ರಾಫ್ ಹಾಳೆಯ ಮೇಲೆ ನಾಲ್ಕು ಆಯತಗಳು, ನಡುವೆ ಅಳತೆಪಟ್ಟಿಯಂತೆ ನೆಟ್ಟಗಿನ ದಾರಿ. ಒಂದರಲ್ಲಿ ಟೊಮೆಟೊ, ಒಂದರಲ್ಲಿ ಬದನೆ. ಗುಲಾಬಿಗಳೂ ಸಾಲಾಗಿ, ಶಾಲೆಯ ಅಂಗಳದಲ್ಲಿ ಕೈಕಟ್ಟಿ ನಿಂತ ಮಕ್ಕಳ ಹಾಗೆ.

ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಆಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದರು. ದಿನವಿಡೀ ಕೊರಳು, ತೋಳು, ಸೊಂಟ ಎಂದು ಬಳುಕುವ ಗೆರೆಗಳನ್ನೇ ಕತ್ತರಿಸುವವಳಿಗೆ ಆ ದಾರಿ ನೋಡಿ ಮೈ ಪರಚಿಕೊಳ್ಳುವಂತಾಯಿತು.

"ರೀ, ದಾರಿ ಸ್ವಲ್ಪ ಬಳಸಿಕೊಂಡು ಹೋದ್ರೆ ಚೆನ್ನಾಗಿರಲ್ವಾ? ನಿಂಬೆ ಗಿಡದ ಹತ್ರ ಒಂದು ಕಲ್ಲು ಬೆಂಚು ಹಾಕಿದ್ರೆ ಕೂತ್ಕೋಬಹುದು."

"ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಸರಳರೇಖೆ," ಎಂದರು ಮೇಷ್ಟ್ರು ತಲೆಯೆತ್ತದೆ.

"ಹಿತ್ತಲಲ್ಲಿ ನಾವು ಯಾವ ಬಸ್ ಹಿಡೀಬೇಕು?"

ಆ ಪ್ರಶ್ನೆ ಮೇಷ್ಟ್ರ ಸಿಲಬಸ್‌ನಲ್ಲಿರಲಿಲ್ಲ. ಭಾನುವಾರ ಅವರು ಹಿತ್ತಲ ತುಂಬ ಗೂಟ ಹೊಡೆದು, ದಾರ ಬಿಗಿದು, ಬೆವರೊರೆಸಿಕೊಂಡು ಒಳಗೆ ಬಂದರು.

ಮರುದಿನ ಅವರು ಶಾಲೆಗೆ ಹೋದ ಮೇಲೆ ಬಟ್ಟೆ ಒಣಹಾಕಲು ಹೋದ ಟೈಲರಮ್ಮ ನಿಂಬೆ ಗಿಡದ ಬಳಿಯ ಗೂಟವನ್ನು ಕಿತ್ತು, ಒಂದು ಗೇಣು ಆಚೆ ನೆಟ್ಟು, ಹಳೆಯ ತೂತನ್ನು ಕಾಲಿನಿಂದ ಮುಚ್ಚಿದಳು. ಸಂಜೆ ಮೇಷ್ಟ್ರು ಅಳೆದು ನೋಡಿದರು, ಟೇಪನ್ನು ಕೊಡವಿದರು, ಮತ್ತೆ ಅಳೆದರು, ಗೂಟವನ್ನು ಹಿಂದಕ್ಕೆ ನೆಟ್ಟರು. ಮರುದಿನ ಅದು ಮತ್ತೆ ಆಚೆ ಹೋಯಿತು. ಅವರು ಹೊಸ ಟೇಪು ಕೊಂಡು ತಂದರು.

"ಮಣ್ಣು ಸಡಿಲ ಅಲ್ವಾ, ಜಾರತ್ತೆ," ಎಂದಳು ಟೈಲರಮ್ಮ, ಮುಖದ ತುಂಬ ಮರುಕ ತಂದುಕೊಂಡು.

ವಾರದ ನಡುವೆ ಒಂದು ದಿನ ಅವಳು ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಹಿತ್ತಲ ಕಡೆಯ ಕೋಣೆಯಲ್ಲಿದ್ದ ಅತ್ತೆಯ ಕಿಟಕಿಯ ಮುಂದಿದ್ದ ಗೂಟ ತನ್ನ ಜಾಗದಲ್ಲಿರಲಿಲ್ಲ. ಅದನ್ನವಳು ಮುಟ್ಟಿರಲೇ ಇಲ್ಲ. ಗಂಡನಿಗೆ ಗುಮಾನಿ ಬಂದು ಏನಾದರೂ ಬಲೆ ಹೆಣೆಯುತ್ತಿದ್ದಾರೆಯೇ? ಮರುದಿನ ಅವಳು ಮೆಷಿನ್ ನಿಲ್ಲಿಸಿ, ಹಿಂಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಳು.

ಊಟವಾಗಿ ಮಲಗಿರಬೇಕಿದ್ದ ಅತ್ತೆ ಕೋಲಿಲ್ಲದೆ ನೆಟ್ಟಗೆ ನಡೆದು ಬಂದರು. ಕೈಯಲ್ಲಿ ಅಡುಗೆಮನೆಯ ಸೌಟು. ಕುಕ್ಕರುಗಾಲಲ್ಲಿ ಕೂತು ಗೂಟದ ಬುಡ ಬಗೆಯತೊಡಗಿದರು.

"ಅತ್ತೆ."

ಅತ್ತೆ ಗೂಟವನ್ನು ಬೆನ್ನ ಹಿಂದೆ ಅಡಗಿಸಿದರು. ದಾರ ಅದಕ್ಕೇ ಕಟ್ಟಿದ್ದರಿಂದ ಮಿಕ್ಕ ಗೂಟಗಳೂ ಅಲ್ಲಾಡಿದವು.

"ಬಿದ್ದಿತ್ತು. ನೆಡೋಣ ಅಂತ ಬಂದೆ."

"ಮಂಡಿ ನೋವು ಅಂತ ಬೆಳಿಗ್ಗೆ ಎಣ್ಣೆ ತಿಕ್ಕಿಸ್ಕೊಂಡ್ರಿ."

"ನೋವಿದೆ. ಇಲ್ಲ ಅಂದ್ನಾ?" ಅತ್ತೆ ಸೌಟಿನ ಮಣ್ಣು ಕೊಡವಿದರು. "ನಿನ್ನ ಗಂಡ ನನ್ನ ಕಿಟಕಿ ಮುಂದೆ ಬಳ್ಳಿ ಚಪ್ಪರ ಹಾಕ್ತಾನಂತೆ, ಅಮ್ಮನಿಗೆ ನೆರಳಾಗ್ಲಿ ಅಂತ. ನೆರಳು ಕಟ್ಕೊಂಡು ನಾನೇನ್ ಮಾಡ್ಲಿ? ಹಿಂದಿನ ಮನೆ ಗಂಡ ಹೆಂಡ್ತಿ ದಿನಾ ಅಡುಗೆಮನೆ ಬಾಗಿಲಲ್ಲೇ ಜಗಳ ಆಡ್ತಾರೆ. ಈಗ ಅವನ ತಂಗಿ ಬೇರೆ ಬಂದಿದ್ದಾಳೆ. ಒಳ್ಳೇ ಘಟ್ಟಕ್ಕೆ ಬಂದಿದೆ, ಈಗ ಹೋಗಿ ಚಪ್ಪರ."

"ನೇರವಾಗಿ ಹೇಳಬಹುದಿತ್ತಲ್ಲ?"

"ನೀನು ಹೇಳಿದ್ಯಲ್ಲ, ಏನಾಯ್ತು?" ಅತ್ತೆ ಕಣ್ಣು ಕಿರಿದು ಮಾಡಿದರು. "ಅಂದ ಹಾಗೆ, ನಿಂಬೆ ಗಿಡದ ಹತ್ರದ್ದನ್ನ ನಾನು ಮುಟ್ಟಿಲ್ಲಮ್ಮ. ಅದು ತಾನಾಗೇ ನಡೀತಾ ಇದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಕೆಲಸ ಚುರುಕಾಯಿತು. ಅತ್ತೆ ದಾರದ ತುದಿ ಹಿಡಿದರೆ, ಟೈಲರಮ್ಮ ರವಿಕೆಗೆ ಕಂಕುಳಿನ ಬಾಗು ಕತ್ತರಿಸುವ ಲೆಕ್ಕದಲ್ಲಿ ದಾರಿಯನ್ನು ಬಾಗಿಸಿದಳು. ಚಪ್ಪರದ ಗೂಟಗಳು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಹೊರಟವು. ಎಲ್ಲವೂ ದಿನಕ್ಕೆ ನಾಲ್ಕೇ ಬೆರಳು, ಅಷ್ಟೇ. ಮೇಷ್ಟ್ರಿಗೆ ಯಾವುದು ತಾವು ಮೊದಲು ಹಾಕಿದ ಗೆರೆ, ಯಾವುದು ಆಮೇಲೆ ತಿದ್ದಿದ ಗೆರೆ ಎಂಬುದೇ ಮರೆತುಹೋಯಿತು.

ಕೊನೆಗೆ ಅವರು ತಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕರೆತಂದರು. ಈ ನೆಲವೇ ಸರಿಯಿಲ್ಲ, ನೀವೇ ಸಾಕ್ಷಿ ಎಂದು ತೋರಿಸುವುದು ಅವರ ಉದ್ದೇಶ. ಅತ್ತೆ ಸೊಸೆ ಅಡುಗೆಮನೆಯ ಕಿಟಕಿಗೆ ಕಿವಿ ಕೊಟ್ಟು ನಿಂತರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಡ್ರಾಯಿಂಗ್ ಮೇಷ್ಟ್ರು ಹಿತ್ತಲ ಉದ್ದಕ್ಕೂ ಕಣ್ಣಾಡಿಸಿ, "ಎಂಥಾ ಗೆರೆ ರೀ ಇದು," ಎಂದರು. "ಗಿಡ ಬರೋ ಮುಂಚೆನೇ ತೋಟದ ಹಾಗೆ ಕಾಣ್ತಿದೆ. ಯಾರು ಹಾಕಿದ್ದು?"

ಮೇಷ್ಟ್ರು ಕೈಯಲ್ಲಿದ್ದ ಟೇಪನ್ನು ಸುತ್ತಿ ಜೇಬಿಗಿಳಿಸಿದರು.

"ನಾನೇ," ಎಂದರು ಮೇಷ್ಟ್ರು. "ನೆಟ್ಟಗೆ ಯಾರು ಬೇಕಾದ್ರೂ ಹಾಕ್ತಾರೆ ಬಿಡಿ."

ಅತ್ತೆ ಬಾಯಿಗೆ ಟವೆಲ್ ತುರುಕಿಕೊಂಡರು. ಟೈಲರಮ್ಮ ನಗು ಕೇಳಿಸದಿರಲೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಗೆರೆ ತನ್ನದು, ಹೊಗಳಿಕೆ ಅವರಿಗೆ ಎಂದು ಒಂದು ಗಳಿಗೆ ಅನಿಸಿತು ನಿಜ. ಆದರೆ ಇನ್ನು ಯಾರೇ ಬಂದು ಹೇಳಿದರೂ ಗಂಡ ಆ ಗೆರೆಯನ್ನು ಬದಲಿಸುವುದಿಲ್ಲ ಎಂಬುದು ಹೊಳೆದು ಸಮಾಧಾನವಾಯಿತು.

ಹಾಗೇ ಆಯಿತು. ಬಾಗಿದ ದಾರಿಗೆ ಕಲ್ಲು ಬಿತ್ತು. ಬೆಂಚು ಬಂತು, ಅದು ತಮಗೇ ಹೊಳೆದದ್ದೆಂದು ಮೇಷ್ಟ್ರು ಹೇಳಿದರು. ಟೈಲರಮ್ಮ ಅಲ್ಲಿ ಕೂತು ಗುಂಡಿ ಹಚ್ಚುವಾಗ, ಅತ್ತೆ ಕಿಟಕಿಯಿಂದಲೇ ಹಿಂದಿನ ಮನೆಯ ವರದಿ ಒಪ್ಪಿಸುತ್ತಿದ್ದರು.

ಹಿತ್ತಲು ಮುಗಿದ ಹುರುಪಿನಲ್ಲಿ ಮೇಷ್ಟ್ರು ಮನೆಯ ಮುಂದಿನ ಜಾಗಕ್ಕೆ ಕೈ ಹಾಕಿದರು. ಈ ಸಲ ಗೂಟದ ಮಾತೇ ಇಲ್ಲ. ಕಬ್ಬಿಣದ ಕಂಬಿ ತಂದು, ಗುಂಡಿ ತೋಡಿ, ಸಿಮೆಂಟು ಸುರಿದು, ಮತ್ತೆ ಅಳತೆಪಟ್ಟಿಯಂತೆ ನೆಟ್ಟಗಿನ ಸಾಲಿನಲ್ಲೇ ನಿಲ್ಲಿಸಿದರು. ಅವರು ಹೊರಗೆ ಹೋದ ಮೇಲೆ ಅತ್ತೆ ಒಂದು ಕಂಬಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿದರು.

"ಇದು ಗಟ್ಟಿಯಾಗೋಕೆ ಎಷ್ಟು ಹೊತ್ತು ಬೇಕಂತೆ?"

"ನಾಳೆ ಬೆಳಿಗ್ಗೆ ತನಕ ಯಾರೂ ಮುಟ್ಟಬೇಡಿ ಅಂದಿದ್ದಾರೆ."

"ಈಗೆಲ್ಲಿ ಹೋದ?"

"ಕ್ಷೌರಕ್ಕೆ. ಅಂಗಡೀಲಿ ಜನ ಇರ್ತಾರೆ, ತಡ ಆಗತ್ತೆ."

"ಹಾಗಾದ್ರೆ ನಿಂತು ಏನ್ ನೋಡ್ತಿದ್ದೀಯ," ಎಂದರು ಅತ್ತೆ, "ಆ ಕಡೆ ಹಿಡ್ಕೋ."