ಅತಿಥಿ ಕೂಸಿಗೊಂದು ಪೆಟ್ಟಿಗೆ

ಗೋರಿಗಳಿಗೆ ನಂಬರ್ ಹಾಕಲು ಕಂಪನಿಯ ಗುಮಾಸ್ತ ಅಕ್ವೆತೆ ಬಂದ ದಿನ ಊರಿಗೆ ಊರೇ ಸ್ಮಶಾನದಲ್ಲಿತ್ತು. ಊರಿನಡಿ ಚಿನ್ನವಿದೆಯೆಂದು ಕಡಲಾಚೆಯ ಆ ಕಂಪನಿ ಕಂಡುಹಿಡಿದ ಮೇಲೆ ಬದುಕಿದ್ದವರಿಗೆ ಗುಡ್ಡದಾಚೆ ತಗಡಿನ ಮನೆಗಳು ಸಿಕ್ಕಾಗಿತ್ತು. ಈಗ ಸತ್ತವರ ಸರದಿ. ಒಂದೊಂದು ಗೋರಿಗೂ ಹೊಸ ಪೆಟ್ಟಿಗೆ, ಬಲಿಗೆ ಒಂದು ಕುರಿ, ಗುಂಡಿಗೆ ಹುಯ್ಯಲು ಒಂದು ಬಾಟಲಿ ಸಾರಾಯಿ ಎಂದು ಒಪ್ಪಂದವಾಗಿದ್ದೇ ತಡ, ಕೆಲವರಿಗೆ ಇಲ್ಲದ ತಾತಂದಿರೂ ನೆನಪಾದರು.

"ಇದೇನಯ್ಯಾ, ನಿಮ್ಮ ತಾತಂಗೆ ಎರಡು ಗೋರಿ?" ಅಕ್ವೆತೆ ಒಬ್ಬನನ್ನು ಕೇಳಿದ.

"ದೊಡ್ಡಾಳು ಸ್ವಾಮಿ, ಒಂದ್ರಲ್ಲಿ ಹಿಡೀಲಿಲ್ಲ."

ಎಲ್ಲರೂ ನಕ್ಕರು. ಬಿರಾಗೊ ನಗಲಿಲ್ಲ, ಅವಳಿಗೆ ಸಿಟ್ಟೂ ಬರಲಿಲ್ಲ. ಹೊಳೆ ರಾಡಿಯಾಗಿ ಮೀನು ಹೊಟ್ಟೆ ಮೇಲಾಗಿ ತೇಲಿದಾಗಲೂ, ಬಂಡೆ ಸಿಡಿಸುವ ಸದ್ದಿಗೆ ಗೋಡೆ ಬಿರಿದಾಗಲೂ, ಅವಳ ಕೋಕೋ ತೋಟವನ್ನು ಯಂತ್ರ ಮಗುಚಿ ಹಾಕಿದಾಗಲೂ ಅವಳಿಗೆ ಹೀಗೇ ಆಗಿತ್ತು, ಜೋಮು ಹಿಡಿದ ಹಾಗೆ. ಅವಳ ತಲೆಯಲ್ಲಿದ್ದದ್ದು ಒಂದೇ ಮಾತು. ಅವಳ ಮಗುವಿಗೆ ನಂಬರಿಲ್ಲ.

ಮಗು ಸ್ಮಶಾನದಲ್ಲಿರಲಿಲ್ಲ. ಹೆಸರಿಡುವ ಎಂಟನೆಯ ದಿನಕ್ಕೆ ಮೊದಲೇ ತೀರಿಹೋದ ಕೂಸು ಅಲ್ಲಿನ ಹಿರಿಯರ ಪಾಲಿಗೆ ಮನುಷ್ಯರ ಪೈಕಿಯಲ್ಲ, ಬಂದು ಹೋದ ಅತಿಥಿ. ಅದಕ್ಕೆ ಗೋರಿಯಿಲ್ಲ. ಅದಕ್ಕಾಗಿ ಅಳುವಂತಿಲ್ಲ, ಅತ್ತರೆ ಮುಂದಿನ ಕೂಸು ಬಾರದು. ಅಮ್ಮ ಮತ್ತು ಅಕ್ಕ ಡುಫಿ ಸೇರಿ ಬಿರಾಗೊಗೆ ಸಂತೋಷದ ಬಿಳಿ ಬಟ್ಟೆ ಉಡಿಸಿ, ಹಬ್ಬವೇನೋ ಎಂಬಂತೆ ಕಡಲೆಕಾಯಿ ಸಾರು ಉಣಿಸಿದ್ದರು. ಕೂಸನ್ನು ಮಡಕೆಯಲ್ಲಿಟ್ಟು ಹಿತ್ತಿಲ ಬಾಳೆಬುಡದಲ್ಲಿ ಹೂತಿದ್ದರು. ಬಿರಾಗೊ ಹೇಳಿದಂತೆ ಕೇಳಿದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಮುಂದಿನ ಕೂಸು ಬರಲೇ ಇಲ್ಲ. ಎಲ್ಲ ಅನ್ಯಾಯಕ್ಕೂ ಕಡಲಾಚೆಯಿಂದಲೇ ಜನ ಬರಬೇಕೆಂದಿಲ್ಲ, ಕೆಲವಕ್ಕೆ ಮನೆಯವರೇ ಸಾಕು.

"ಅಕ್ಕ, ನನ್ನ ಮಗೂನೂ ಕರ್ಕೊಂಡ್ ಹೋಗ್ಬೇಕು," ಎಂದಳು ಮನೆಗೆ ಬಂದವಳೇ.

ಬೇಯಿಸಿದ ಗೆಡ್ಡೆಯ ಫೂಫೂ ಮುದ್ದೆ ಕುಟ್ಟುತ್ತಿದ್ದ ಡುಫಿಯ ಒನಕೆ ನಿಂತಿತು. "ಯಾವ ಮಗೂನೇ?"

"ನಿಂಗೊತ್ತಿಲ್ವಾ?"

"ಬಾಯ್ಮುಚ್ಚು. ಅತಿಥೀನ ಯಾರಾದ್ರೂ ಅಗೆದು ತೆಗೀತಾರಾ? ಕೆಟ್ಟದಾಗತ್ತೆ."

"ಇನ್ನೇನ್ ಕೆಟ್ಟದಾಗ್ಬೇಕಕ್ಕ? ನಾನಿನ್ನು ಹೆರೋದಿದ್ಯಾ?"

ಡುಫಿ ಮತ್ತೆ ಕುಟ್ಟತೊಡಗಿದಳು.

ಕುಲದ ಹಿರಿಯನ ಮಾತಿಲ್ಲದೆ ಕಂಪನಿ ಪೆಟ್ಟಿಗೆ ಕೊಡುತ್ತಿರಲಿಲ್ಲ. ಹಿರಿಯನೆಂದರೆ ಅವಳ ಸೋದರಮಾವ ಅಗ್ಯೆಮಾನ್. ಅವನು ಆಗದೆಂದು ತಲೆಯಾಡಿಸಿಬಿಟ್ಟ. "ಆ ಗುಂಡಿಗೆ ನಾನು ಸಾರಾಯಿ ಹುಯ್ಯೋ ಹಾಗಿಲ್ಲ ಕಣಮ್ಮ. ಹುಯ್ದ್ರೆ ಅದು ನಮ್ಮೋರು ಅಂತಾಗತ್ತೆ."

"ನಮ್ಮೋರೇ ಅಲ್ವಾ ಮಾವ?"

ಮುದುಕ ಕೋಲಿಗೆ ಕೈ ಹಾಕಿದ. "ಹುಟ್ಟದೇ ಇರೋ ತಾತಂದಿರಿಗೆಲ್ಲ ಕುರಿ ಕಡಿಸಿದ್ದೀನಿ. ಹುಟ್ಟಿದ್ದಕ್ಕೆ ಇಲ್ಲ ಅನ್ಲಾ? ನಡಿ."

ಅಕ್ವೆತೆ ಹಳೆಯ ಮನೆಯ ಹಿತ್ತಿಲಿಗೆ ಒಂದು ಪುಟ್ಟ ಪೆಟ್ಟಿಗೆ ತಂದ. ಗೋರಿ ಅಗೆಯುವ ಮುದುಕ ಬೆದಿಯಾಕೊ ಗುದ್ದಲಿ ತಂದ. ಬೇಲಿಯಾಚೆ ಯಂತ್ರ ಗುರುಗುಟ್ಟುತ್ತ ಕಾಯುತ್ತಿತ್ತು. ಬಿರಾಗೊ ಬಾಳೆಗುಂಪನ್ನು ತೋರಿಸಿದಳು. ಬೆದಿಯಾಕೊ ಸೊಂಟದ ಮಟ್ಟ ಅಗೆದು ನಿಂತ.

"ಎಷ್ಟು ಕಾಲ ಆಯ್ತಮ್ಮಾ?"

"ಮೂವತ್ತು ವರ್ಷದ ಮೇಲೆ."

"ಅಯ್ಯೋ, ನಮ್ಮವ್ವ! ಬಾಳೆ ನಿಂತಲ್ಲೇ ನಿಂತಿರತ್ತಾ? ಕಂದು ಹಾಕ್ಕೊಂಡು ನಡೀತಾ ಹೋಗತ್ತೆ. ಅವತ್ತಿನ ಬುಡ ಎಲ್ಲಿತ್ತೋ ಯಾರಿಗೆ ಗೊತ್ತು?"

ಅವಳಿಗೆ ಗೊತ್ತಿಲ್ಲದ್ದೇನಲ್ಲ. ವರ್ಷ ವರ್ಷವೂ ಕಂದು ಕಿತ್ತು ನೆಟ್ಟವಳು ಅವಳೇ. ಆದರೂ ದಿನಾ ಬೆಳಗ್ಗೆ ಮುಖ ತೊಳೆದ ನೀರನ್ನು ಆ ಬುಡಕ್ಕೆ ಚೆಲ್ಲಿ, ಯಾರೂ ಕಾಣದಂತೆ ಒಂದು ಗಳಿಗೆ ನಿಲ್ಲುವಾಗ ಇದು ಹೊಳೆದಿರಲಿಲ್ಲ. ಬಾಳೆಯ ಹಿಂದೆ ಅವಳೂ ಒಂದೊಂದೇ ಹೆಜ್ಜೆ ದೂರ ಸರಿದಿದ್ದಳು. ಮಗು ಇದ್ದಲ್ಲೇ ಇತ್ತು.

ಅಡುಗೆಮನೆಯ ಕಡೆ ಅಗೆದರು, ಬಚ್ಚಲ ಕಡೆ ಅಗೆದರು. ಮಡಕೆಯ ಚೂರೂ ಸಿಗಲಿಲ್ಲ. ಯಂತ್ರದವನು ಹಾರನ್ ಒತ್ತಿದ.

"ಮಧ್ಯಾಹ್ನದ ತನಕ ಅಂತ ಅಪ್ಪಣೆಯಾಗಿದೆ, ಅಮ್ಮಾ," ಎಂದ ಅಕ್ವೆತೆ, ತಾನೇ ತಪ್ಪು ಮಾಡಿದವನಂತೆ. "ಪೆಟ್ಟಿಗೆಗೆ ಒಂದಿಷ್ಟು ಮಣ್ಣಾದ್ರೂ ತುಂಬಲಾ?"

"ಬೇಡ. ಹಾಗೇ ಮುಚ್ಚಿ."

ಗುಡ್ಡದಾಚೆಯ ಹೊಸ ಸ್ಮಶಾನದಲ್ಲಿ ಹೆಂಗಸರು ಹಳೆಯ ಸಾವುಗಳಿಗೆಲ್ಲ ಹೊಸದಾಗಿ ಗೋಳಾಡುತ್ತಿದ್ದರು. ಪೆಟ್ಟಿಗೆ ಇಳಿಸಿದ ಪುಟ್ಟ ಗುಂಡಿಯ ಬಳಿ ಅಗ್ಯೆಮಾನ್ ಸಾರಾಯಿ ಹುಯ್ದ. "ಮಂಗಳವಾರ ಹುಟ್ಟಿದ ಹೆಣ್ಣಲ್ವಾ? ಹಾಗಾದ್ರೆ ಅಬೆನಾ," ಎಂದು ಗಟ್ಟಿಯಾಗಿ ಹೆಸರು ಕರೆದ.

ಡುಫಿ ತಂಗಿಯ ತೋಳು ಹಿಡಿದಳು. "ಅಳೇ ಈಗ. ಯಾರೂ ಬೇಡ ಅನ್ನಲ್ಲ. ಜೋರಾಗಿ ಅಳು."

ಬಿರಾಗೊ ಬಾಯಿ ತೆರೆದಳು. ಏನೂ ಬರಲಿಲ್ಲ. ಮುಚ್ಚಿಕೊಂಡಳು.

ಕುಸಿದು ಕೂತವಳು ಡುಫಿ. "ನಾನೇ ಕಣೇ, ಅವತ್ತು ಈ ಕೈಯಲ್ಲೇ ಸಾರು ಉಣ್ಸಿದ್ದು. ನೀನು ಬೇಡಬೇಡ ಅಂದ್ರೂ ಬಾಯಿಗೆ ತುರುಕಿದ್ದು," ಎಂದು ಎದೆ ಬಡಿದುಕೊಂಡು ಅತ್ತಳು.

ಬಿರಾಗೊ ಬಗ್ಗಿ ಅಕ್ಕನ ಮೈಮೇಲಿನ ಬಟ್ಟೆ ಸರಿಮಾಡಿ, ಮಂಡಿಗೆ ಮೆತ್ತಿದ ಮಣ್ಣು ಒರೆಸಿದಳು.

"ಏಳಕ್ಕ. ಯಾಕಳ್ತೀಯ? ಅದರೊಳಗೆ ಯಾರೂ ಇಲ್ಲ."