ಬಿಡುಗಡೆಯಾಗದ ಹಾಡು

ನೀತಾಳ ಅಕ್ಕ ಸುಲಭಾ ಕಾಣೆಯಾಗಿ ನಲವತ್ತೆರಡು ವರ್ಷಗಳಾಗಿದ್ದವು. ಎಂಬತ್ತಮೂರರಲ್ಲಿ ಆಕೆ ಪುಣೆ ಕ್ಯಾಂಪಿನ ಒಂದು ಡಿಸ್ಕೊ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಅದನ್ನು ನಡೆಸುತ್ತಿದ್ದವನು ಬೆಳಗಾವಿಯ ಪಂಢರಿನಾಥ. ಸಾಸವಡದ ಕೆರೆಯ ಹತ್ತಿರ ವಿಡಿಯೊ ಹಾಡಿನ ಚಿತ್ರೀಕರಣವಿದೆ ಎಂದು ಹೋದವಳು ಮರಳಿ ಬರಲಿಲ್ಲ.

"ಆಕಿ ಶೂಟಿಂಗಿಗೆ ಬರಲೇ ಇಲ್ಲ. ಮಧ್ಯಾಹ್ನದ ತನಕ ಕಾದು ಹೊಳ್ಳಿ ಬಂದೆ" ಎಂದು ಪಂಢರಿನಾಥ ಮನೆಯವರಿಗೂ ಪೊಲೀಸರಿಗೂ ಹೇಳಿದ್ದ. ಅಪ್ಪನ ಜೊತೆ ಊರೂರು ತಿರುಗಿ ಹುಡುಕಿದವನೂ ಅವನೇ. ಮೂರು ವರ್ಷಗಳ ನಂತರ ನೀತಾ ಅವನನ್ನೇ ಮದುವೆಯಾದಳು.

ಹಳೆಯ ಡಿಸ್ಕೊ ಹಾಡುಗಳನ್ನು ಮೆಚ್ಚುವವರ ವಾಟ್ಸಾಪ್ ಗುಂಪಿನಲ್ಲಿ ನೀತಾ ಕಳೆದ ತಿಂಗಳು ಅಕ್ಕನ ಫೋಟೊ ಹಾಕಿದ್ದಳು. ಅದನ್ನು ನೋಡಿ ರಾಮಲಿಂಗಪ್ಪ ಎಂಬ ಮುದುಕರು ಖರಾಡಿಯಲ್ಲಿದ್ದ ನೀತಾಳ ಫ್ಲ್ಯಾಟಿಗೆ ಬಂದರು. ಆಗ ಆ ಆರ್ಕೆಸ್ಟ್ರಾಕ್ಕೆ ವಿಡಿಯೊ ತೆಗೆಯುತ್ತಿದ್ದ ಕ್ಯಾಮೆರಾಮನ್. ಪಂಢರಿನಾಥ ವಾಕಿಂಗಿಗೆ ಹೋಗಿದ್ದ.

"ಶೂಟಿಂಗ್ ಮುಗಿದ ಮರುದಿನಾನ ನಾ ಮಸ್ಕತ್ತಿಗೆ ಹೋದೆ ನೋಡ್ರಿ. ಕ್ಯಾಸೆಟ್ ನನ್ನ ಟ್ರಂಕಿನಾಗ ಉಳದಿತ್ತು. ಈಗ ಇದರಾಗ ಹಾಕಿಸಿ ತಂದೀನಿ" ಎನ್ನುತ್ತ ಅವರು ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿದರು. "ಸುಲಭಾಬಾಯಾರು ಈಗ ಎಲ್ಲಿ ಅದಾರ್ರಿ?"

ನೀತಾ "ಯಾವ ಶೂಟಿಂಗ್?" ಎಂದು ಕೇಳುವಷ್ಟರಲ್ಲಿ ಪರದೆಯ ಮೇಲೆ ಕೆರೆ ಬಂತು. ಹೊಗೆಯ ನಡುವೆ ಬೆಳ್ಳಿ ಬಣ್ಣದ ಗೌನು ತೊಟ್ಟ ಸುಲಭಾ, ಹಣೆಗೆ ಪಟ್ಟಿ ಕಟ್ಟಿಕೊಂಡು, ಟೇಪಿನಲ್ಲಿ ಓಡುತ್ತಿದ್ದ ತನ್ನದೇ ಹಾಡಿಗೆ ತುಟಿ ಆಡಿಸುತ್ತಿದ್ದಳು. ನೀತಾ ಮೊಬೈಲ್ ಎತ್ತಿ, ಟಿವಿಯಲ್ಲಿ ಬರುವುದನ್ನೆಲ್ಲ ಚಿತ್ರೀಕರಿಸತೊಡಗಿದಳು.

ಹಾಡು ಮುಗಿಯಿತು. ಕ್ಯಾಮೆರಾ ನಿಂತಿರಲಿಲ್ಲ. ತರುಣ ಪಂಢರಿನಾಥ ಬಂದು ಸುಲಭಾಳ ಮಣಿಕಟ್ಟು ಹಿಡಿದ. "ಕೈ ಬಿಡ್ರಿ! ಅಪ್ಪಗ ಎಲ್ಲಾ ಹೇಳ್ತೀನಿ" ಎಂಬ ಅವಳ ದನಿ ಕೇಳಿತು. ಪರದೆ ಕಪ್ಪಾಯಿತು.

"ಅಲ್ಲಿಗೆ ಬ್ಯಾಟರಿ ಮುಗೀತ್ರಿ" ಎಂದರು ರಾಮಲಿಂಗಪ್ಪ. "ನಾವು ಮೂರೇ ಮಂದಿ ಇದ್ವಿ. 'ನೀವು ಮುಂದ ಹೋಗ್ರಿ, ಸ್ಕೂಟರ್ ಮ್ಯಾಲೆ ಆಕೀನ ಕರಕೊಂಡು ಬರ್ತೀನಿ' ಅಂದ್ರು ಇವರು."

ಅವರು ಬೊಟ್ಟು ಮಾಡಿದ ಕಡೆ ನೀತಾ ತಿರುಗಿದಳು. ಬಾಗಿಲಲ್ಲಿ ಪಂಢರಿನಾಥ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಮುಖದಲ್ಲಿ ಯಾವ ಗಾಬರಿಯೂ ಕಾಣಲಿಲ್ಲ. "ಭಾಳ ದಿನಕ್ಕ ಬಂದ್ರಿ, ರಾಮಲಿಂಗಪ್ಪ. ಮೂಲ ಕ್ಯಾಸೆಟ್ ಎಲ್ಲಿ ಅದ?"

"ನಮ್ಮ ಮನ್ಯಾಗ ಅದರಿ. ಹಡಪಸರದಾಗ."

"ಒಬ್ಬರೇ ಇರ್ತೀರೇನು?"

"ಹೌದ್ರಿ, ಒಬ್ಬನೇ."

ಪಂಢರಿನಾಥ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. "ಕೂಡ್ರಿ. ಚಹಾ ಕುಡುದು ಹೋಗೂಣು. ನಾನೇ ಕಾರಿನಾಗ ಬಿಡ್ತೀನಿ."

ನೀತಾ ಎದ್ದು ಮುದುಕರ ತೋಳು ಹಿಡಿದಳು. "ಇವರು ನಿಮ್ಮ ಕಾರು ಹತ್ತೂದಿಲ್ಲ. ನಾ ಎಲ್ಲಾ ಮೊಬೈಲಿನಾಗ ತಗೊಂಡೀನಿ. ಕೇತಕಿಗೂ ಕಳಿಸೀನಿ."

ಮಗಳ ಹೆಸರು ಕೇಳಿದ್ದೇ ಅವನು ಕುರ್ಚಿಯಲ್ಲಿ ಕುಸಿದ. "ನೀತಾ, ಒಂದ್ ಮಾತು ಕೇಳ..."

ಅವಳು ಕೇಳಲಿಲ್ಲ. ಲಿಫ್ಟಿಗೂ ಕಾಯದೆ ಐದು ಮಹಡಿ ಇಳಿಸಿ, ರಾಮಲಿಂಗಪ್ಪನವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋದಳು. ಕೇತಕಿಗೆ ವಿಡಿಯೊ ನಿಜವಾಗಿ ಕಳಿಸಿದ್ದು ದಾರಿಯಲ್ಲೇ.

ಪೊಲೀಸರು ಬಂದಾಗ ಫ್ಲ್ಯಾಟಿಗೆ ಬೀಗವಿತ್ತು, ಕಾರು ಇರಲಿಲ್ಲ. ಇಳಿಹೊತ್ತಿಗೆ ಪಂಢರಿನಾಥ ಸಾಸವಡದ ಕೆರೆಯ ಹಿಂದೆ, ಹಾಳುಬಾವಿಯೊಂದರ ಕಟ್ಟೆಯ ಮೇಲೆ ಸಿಕ್ಕ. ಪೊಲೀಸರು ಕೇಳಿದಾಗ ಬಾವಿಯ ಕಡೆ ಒಮ್ಮೆ ಕೈ ತೋರಿಸಿದನಷ್ಟೆ.

ಬಾವಿಯ ಬಾಯಿ ತುಂಬ ಬೆಳೆದ ಜಾಲಿಯನ್ನು ಕಡಿಯುವ ಕೆಲಸ ಶುರುವಾಯಿತು. ಸುದ್ದಿ ತಿಳಿದು ಅಮ್ಮನನ್ನು ಅಲ್ಲಿಗೆ ಕರೆತಂದಿದ್ದ ಕೇತಕಿ ಅವಳ ಭುಜ ಹಿಡಿದು, "ಮನಿಗೆ ಹೋಗೂಣು ನಡಿ, ಇಲ್ಲಿ ನೋಡಬ್ಯಾಡ" ಎಂದಳು.

"ಯಾವ ಮನಿಗೆ?" ಎಂದಳು ನೀತಾ. "ಆಕೀನ ಮ್ಯಾಲೆ ತರೂತನಕ ನಾ ಇಲ್ಲೇ ನಿಂದರ್ತೀನಿ."