ಸಾಧು ಗುಬ್ಬಿಗಳು

ಮೊದಲ ಸಲ ಗುಬ್ಬಿಯೊಂದು ಅಂಗೈ ಮೇಲೆ ಬಂದು ಕೂತ ದಿನ ಫಿನಾಯಿಲಮ್ಮ ಆಸ್ಪತ್ರೆಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಅವಳು ಅಷ್ಟು ಸುಲಭಕ್ಕೆ ಕರಗುವ ಹೆಂಗಸಲ್ಲ. ಆಪರೇಷನ್ ಮುಗಿದ ಮೇಲೆ ಬರುವ ಕತ್ತರಿ, ಚಿಮಟ, ಇಕ್ಕಳಗಳನ್ನು ಉಜ್ಜಿ ತೊಳೆದು, ಹಬೆಯ ಪೆಟ್ಟಿಗೆಯಲ್ಲಿ ಬೇಯಿಸಿ, ಮತ್ತೆ ಕಟ್ಟಿ ಕಳಿಸುವ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಮನೆಯಲ್ಲೂ ಒಂದು ಚಮಚವನ್ನು ಬೆಳಕಿಗೆ ಹಿಡಿದು ನೋಡದೆ ತಟ್ಟೆಗೆ ಇಡುವವಳಲ್ಲ. ಫಿನಾಯಿಲಮ್ಮ ಎಂಬ ಹೆಸರಿಟ್ಟವರು ಗಂಡನ ಅಣ್ಣ. ಈಗೀಗ ಗಂಡನೂ ಹಾಗೇ ಕರೆಯುತ್ತಿದ್ದ.

ಭಾವ ಮತ್ತು ಅವರ ಹೆಂಡತಿ ಮಹಡಿಯ ಮೇಲೆ, ಇವರಿಬ್ಬರು ಕೆಳಗೆ. ಹಿತ್ತಲು ಎರಡೂ ಮನೆಗೆ ಸೇರಿದ್ದು. ಭಾವ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಆರು ತಿಂಗಳು ಕೈಕಟ್ಟಿ ಕೂತರು, ಆಮೇಲೆ ಹಿತ್ತಲನ್ನು ಹಿಡಿದರು. ಖಾಲಿ ನೀರಿನ ಬಾಟಲಿಗೆ ಆಚೀಚೆ ತೂತು ಮಾಡಿ, ಮರದ ಸೌಟು ತೂರಿಸಿ, ಒಳಗೆ ನವಣೆ ತುಂಬಿ ತಂತಿಗೆ ನೇತುಹಾಕಿದರು. ಕಾಳು ಸೌಟಿಗೆ ಇಳಿಯುತ್ತಿತ್ತು, ಗುಬ್ಬಿ ಅಲ್ಲೇ ಕೂತು ತಿನ್ನುತ್ತಿತ್ತು. ಒಂದು ಬಾಟಲಿ ಹದಿನಾಲ್ಕಾಯಿತು. ಬಟ್ಟೆ ಒಣಗಿಸುವ ತಂತಿ ಪೂರ್ತಿ ಹಕ್ಕಿಗಳ ಪಾಲಾಯಿತು. ಒಗೆದ ಬಟ್ಟೆಯ ಮೇಲೆ ಹಿಕ್ಕೆ ಬೀಳುವುದನ್ನು ಕಂಡು ಫಿನಾಯಿಲಮ್ಮ ಎರಡು ಸಲ ಗೊಣಗಿದಳು, ಮೂರನೇ ಸಲ ತನ್ನ ಬಟ್ಟೆಗಳನ್ನು ಒಳಗೇ ಹರವಿಕೊಂಡಳು. ವಯಸ್ಸಾದವರ ಜೊತೆ ಏನು ಜಗಳ.

ಎರಡನೇ ವರ್ಷ ಗುಬ್ಬಿಗಳು ಭಾವನ ಕೈ ಮೇಲೆ ಕೂರತೊಡಗಿದವು. ಯಾರೋ ಅದರ ಫೋಟೋ ತೆಗೆದರು, ಫೋಟೋ ಫೋನಿಂದ ಫೋನಿಗೆ ಹಾರಿತು, ಭಾವ ಊರಿಗೆಲ್ಲ 'ಹಕ್ಕಿ ಮೇಷ್ಟ್ರು' ಆದರು. ಭಾನುವಾರ ಬಂತೆಂದರೆ ಗುರುತು ಪರಿಚಯ ಇಲ್ಲದವರು ಹಿತ್ತಲಿಗೆ ಬಂದು ಅಂಗೈ ಚಾಚಿ ಸಾಲಾಗಿ ನಿಲ್ಲುತ್ತಿದ್ದರು.

"ಉಸಿರು ನಿಧಾನ ಬಿಡಿ. ಹಕ್ಕಿಗೆ ಮನುಷ್ಯನ ಮನಸ್ಸು ಗೊತ್ತಾಗತ್ತೆ. ಕೆಟ್ಟವರ ಕೈಗೆ ಬರಲ್ಲ ಅವು," ಎಂದು ಭಾವ ಮೆಲ್ಲಗೆ ಹೇಳುತ್ತಿದ್ದರು.

ಹಾಗಾಗಿ ಗುಬ್ಬಿ ತನ್ನ ಕೈಗೆ ಬಂದಾಗ ಫಿನಾಯಿಲಮ್ಮನಿಗೆ ಬಿರುದು ಸಿಕ್ಕಷ್ಟು ಖುಷಿಯಾಗಿತ್ತು. ಆ ಪುಟ್ಟ ಬಿಸಿ ಮೈ, ಉಗುರಿನ ಕಚಗುಳಿ. ಆಸ್ಪತ್ರೆಯ ಕೋಣೆಯಲ್ಲಿ ಜೊತೆಗೆ ದುಡಿಯುವ ಗೆಳತಿಯರಿಬ್ಬರನ್ನು ಕರೆತಂದು ಅವರ ಕೈ ಮೇಲೂ ಕೂರಿಸಿ ಕಳಿಸಿದ್ದಳು.

ಅದಾಗಿ ಎರಡು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಜನ ಬರುವ ಮುಂಚೆ ಅವಳು ಕಸದ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. ಗುಬ್ಬಿಯೊಂದು ಸೌಟಿನ ಮೇಲೆ ಕೂರಲು ಹೋಗಿ ತಪ್ಪಿತು. ಮತ್ತೆ ಹಾರಿತು, ಬಾಟಲಿಗೆ ಬಡಿದುಕೊಂಡು ನೆಲಕ್ಕೆ ಬಿತ್ತು. ಅವಳು ಬಗ್ಗಿ ಅಂಗೈ ಚಾಚಿದಳು. ಅದು ಹೆದರಲಿಲ್ಲ, ಹತ್ತಿ ಕೂತಿತು. ಎಳೆ ಬಿಸಿಲು ನೇರ ಅಂಗೈಗೆ ಬೀಳುತ್ತಿತ್ತು. ಫಿನಾಯಿಲಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಮುಖದ ಹತ್ತಿರ ತಂದಳು.

ಕಣ್ಣಿರಬೇಕಾದ ಕಡೆ ಊದಿದ ಗಂಟು. ರೆಪ್ಪೆಗಳ ನಡುವೆ ಹಳದಿ ಕೀವು ಒಣಗಿ ಅಂಟಿನಂತೆ ಗಟ್ಟಿಯಾಗಿತ್ತು. ಇನ್ನೊಂದು ಕಣ್ಣು ಸೀಳಿನಷ್ಟು ತೆರೆದಿತ್ತು, ಅದರಿಂದ ನೀರು ಸೋರಿ ಕೆನ್ನೆಯ ಗರಿಗಳು ಮುದ್ದೆಯಾಗಿದ್ದವು. ಹಕ್ಕಿ ಕೊಕ್ಕು ತೆರೆಯಿತು, ಮುಚ್ಚಿತು, ತೆರೆಯಿತು. ಲೋಳೆ ಮೆತ್ತಿದ ನಾಲ್ಕು ಕಾಳು ಹೊರಬಂದು ಅವಳ ಅಂಗೈ ಮೇಲೆ ಬಿದ್ದವು. ಹಳಸಿದ ವಾಸನೆಯೊಂದು ಮೂಗಿಗೆ ಬಡಿಯಿತು. ಆಸ್ಪತ್ರೆಯ ಕೊಳೆ ತೊಟ್ಟಿಯಲ್ಲಿ ರಾತ್ರಿಯಿಡೀ ಬಿದ್ದ ಉಪಕರಣಗಳಿಂದ ಬರುತ್ತದಲ್ಲ, ಅಂಥದ್ದು.

ಅದಕ್ಕೆ ಅವಳ ಮನಸ್ಸೂ ಗೊತ್ತಾಗಿರಲಿಲ್ಲ, ಮಣ್ಣೂ ಗೊತ್ತಾಗಿರಲಿಲ್ಲ. ಅದಕ್ಕೆ ಅವಳೇ ಕಂಡಿರಲಿಲ್ಲ.

ಹಕ್ಕಿಯನ್ನು ಬೇಲಿಯ ಬುಡದ ನೆರಳಿಗಿಟ್ಟು, ನಲ್ಲಿಯಡಿ ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆದಳು. ಆಮೇಲೆ ಒಂದು ಬಾಟಲಿ ಬಿಚ್ಚಿದಳು. ಮೇಲಿನ ನಾಲ್ಕು ಬೆರಳು ಹೊಸ ಕಾಳು. ಕೆಳಗಿನದು ಯಾವ ಕಾಲದ್ದೋ, ನೀರು ಕುಡಿದು, ಕಪ್ಪುಹಸಿರು ಬೂಷ್ಟು ಹಿಡಿದು ಇಟ್ಟಿಗೆಯಾಗಿತ್ತು. ಕಡ್ಡಿಯಿಂದ ಚುಚ್ಚಿದರೆ ಬಿಳಿ ಹುಳುಗಳು ಮಿಜಿಮಿಜಿ ಎಂದವು. ಸೌಟಿನ ಗುಂಡಿಯಲ್ಲಿ ಹಿಕ್ಕೆ ಪದರುಪದರಾಗಿ ಕಟ್ಟಿಕೊಂಡಿತ್ತು. ಅದರ ಮೇಲೇ ಕಾಳು ಬಿದ್ದು, ಅದರ ಮೇಲಿಂದಲೇ ಹಕ್ಕಿ ಹೆಕ್ಕುತ್ತಿತ್ತು.

ಅಷ್ಟರಲ್ಲಿ ಭಾವ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಬಿಸಿನೀರಿನ ಬಟ್ಟಲು, ಹತ್ತಿಯ ಉಂಡೆ. ಇವಳು ಗೋಡೆಯ ಮರೆಯಲ್ಲಿದ್ದುದನ್ನು ನೋಡಲಿಲ್ಲ. ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮುದುರಿ ಕೂತಿದ್ದ ಗುಬ್ಬಿಯೊಂದನ್ನು ಎತ್ತಿಕೊಂಡು, ಹತ್ತಿ ನೆನೆಸಿ ಅದರ ಕಣ್ಣು ಒರೆಸಿದರು. ಕೀವು ಬಿಟ್ಟು ಬಂತು. ಅದನ್ನಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಹತ್ತಿ ಅದೇ.

"ಭಾವ, ಏನ್ ಮಾಡ್ತಿದ್ದೀರಿ?"

ಅವರು ಬೆಚ್ಚಿ ತಿರುಗಿದರು. "ಧೂಳು ಕಟ್ಟಿದೆ ಕಣಮ್ಮ. ಜನ ಬರೋ ಹೊತ್ತು. ಸ್ವಲ್ಪ ಚೆಂದ ಕಾಣ್ಲಿ ಅಂತ."

"ಒಂದೇ ಹತ್ತೀಲಿ ಎಷ್ಟು ಹಕ್ಕಿ ಒರೆಸಿದ್ರಿ?"

"ಇವತ್ತಾ? ಇನ್ನೂ ಎರಡೇ."

"ನಮ್ಮ ಕೋಣೇಲಿ ಯಾರಾದ್ರೂ ಹೀಗೆ ಮಾಡಿದ್ರೆ ಆ ಕ್ಷಣಕ್ಕೆ ಮನೆಗೆ ಕಳಿಸ್ತಾರೆ. ಒಂದರ ರೋಗ ಎಲ್ಲಕ್ಕೂ ಹಚ್ತಿದ್ದೀರಿ ನೀವು. ಆ ಬಾಟಲಿ ಯಾವಾಗ ತೊಳೆದಿದ್ರಿ?"

"ಕಾಡು ಹಕ್ಕಿಗೆ ಯಾರಮ್ಮ ಪಾತ್ರೆ ತೊಳೆದು ಕೊಡ್ತಾರೆ? ಎಲ್ಲಾನೂ ಆಸ್ಪತ್ರೆ ಕಣ್ಣಲ್ಲಿ ನೋಡ್ಬೇಡ. ಅವು ನನ್ನ ನಂಬಿ ಬಂದಿವೆ."

"ನಂಬಿಕೆ ಎಲ್ಲಿಂದ ಬಂತು? ಕಣ್ಣು ಕಾಣ್ದೆ ಬಂದಿವೆ!"

ಭಾವ ಬಟ್ಟಲನ್ನು ಕೆಳಗಿಟ್ಟರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ದನಿ ತಗ್ಗಿಸಿ, ಗುಟ್ಟು ಹೇಳುವವರಂತೆ ಹೇಳಿದರು: "ನಂಗೊತ್ತಿಲ್ವೇನಮ್ಮ? ಕಣ್ಣು ನೆಟ್ಟಗಿರೋದು ಒಂದೂ ಕೈಗೆ ಬರಲ್ಲ. ಮೊದಲನೇ ವರ್ಷ ಪೂರ್ತಿ ಕೈ ಚಾಚ್ಕೊಂಡು ನಿಂತಿದ್ದೆ, ತೋಳು ಬಿದ್ದುಹೋಗೋ ಹಾಗೆ. ಒಂದೂ ಬರ್ಲಿಲ್ಲ. ಈಗ ಬರ್ತಿವೆ. ಏನೋ, ಯಾವುದೋ ಕಾರಣಕ್ಕೆ, ಬರ್ತಿವೆ ತಾನೆ?"

ಕೀವಿಗಿಂತ, ಹುಳುಗಳಿಗಿಂತ ಅವಳಿಗೆ ಹೇಸಿಗೆಯಾದದ್ದು ಈ ಮಾತಿನಿಂದ. ತನ್ನ ಗೆಳತಿಯರು ಕಣ್ಣು ತುಂಬಿಕೊಂಡು ನಿಂತಿದ್ದು ನೆನಪಾಯಿತು. ಅಂದು ಭಾವ ಪಕ್ಕದಲ್ಲೇ ಇದ್ದರು, ಮುಗುಳ್ನಗುತ್ತ.

ಅವಳು ಒಳಗಿಂದ ಕೈಗವಸು ಹಾಕಿಕೊಂಡು ಬಂದು ಬಾಟಲಿಗಳನ್ನು ಒಂದೊಂದಾಗಿ ತಂತಿಯಿಂದ ಕೊಯ್ಯತೊಡಗಿದಳು. ಭಾವ "ಏಯ್, ಏಯ್" ಎಂದರು, ಮೈ ಮುಟ್ಟಿ ತಡೆಯುವಂತಿಲ್ಲ, ತಮ್ಮನನ್ನು ಕೂಗಿದರು. ಲಿಫ್ಟ್ ರಿಪೇರಿ ಮಾಡುವ ಗಂಡ ವಾರದ ರಜೆಯ ನಿದ್ದೆಯಿಂದ ಎದ್ದು ಬಂದು ಕಣ್ಣುಜ್ಜಿದ.

"ಬಿಡೇ, ಅಣ್ಣಂಗೆ ಇರೋದೇ ಇದೊಂದು."

"ಇದನ್ನ ಮೂಸಿ ನೋಡಿ ಆಮೇಲೆ ಹೇಳಿ."

ಅವನು ಬಾಟಲಿಯ ಬಾಯಿಗೆ ಮೂಗಿಟ್ಟ. ಮರುಕ್ಷಣ ಮೋರಿಯ ಕಡೆ ಓಡಿದ. ವಾಪಸು ಬಂದಾಗ ಅಣ್ಣನ ಮುಖ ನೋಡದೆ ಕತ್ತರಿ ತಂದು ಉಳಿದ ಬಾಟಲಿಗಳಿಗೆ ಕೈ ಹಾಕಿದ.

ಭಾವ ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಓರಗಿತ್ತಿ ಕೆಳಗಿಳಿದಳು. ಬೈಯಲು ಬಂದಳೇನೋ ಎಂದುಕೊಂಡರೆ, ಆಕೆ ಕಾಂಪೌಂಡಿನ ಗುಂಟ ಇದ್ದ ಹೂಕುಂಡಗಳ ಮುಂದೆ ನಿಂತು, "ತೆಗೀತಿದ್ದೀಯಲ್ಲ, ಇವನ್ನೂ ತೆಗೆದುಬಿಡು," ಎಂದಳು.

"ಯಾಕಕ್ಕ?"

"ಸತ್ತ ಹಕ್ಕಿಗಳನ್ನ ಕಸದ ಡಬ್ಬಿಗೆ ಹಾಕಿದ್ರೆ ಜನ ನೋಡ್ತಾರೆ ಅಂದ್ರು ನಿನ್ನ ಭಾವ. ದಿನಾ ಬೆಳಿಗ್ಗೆ ಎದ್ದು ನಾನೇ ಹೂತಿದ್ದು. ಒಂದೊಂದು ಕುಂಡದಲ್ಲಿ ಮೂರು, ನಾಲ್ಕು. ಈ ಸಲ ಸೇವಂತಿಗೆ ಏನ್ ಹೂ ಬಿಟ್ಟಿದೆ ಅಂತ ನೀನೇ ಹೊಗಳ್ತಿದ್ದೆ."

ಫಿನಾಯಿಲಮ್ಮ ಮೋರಿಯ ಹತ್ತಿರ ಹೋದಳು. ಹದಿನೆಂಟು ವರ್ಷದಲ್ಲಿ ಏನೇನನ್ನೋ ತೊಳೆದಿದ್ದರೂ ವಾಂತಿ ಮಾಡಿಕೊಂಡದ್ದು ಅದೇ ಮೊದಲು.

ಆ ದಿನವೆಲ್ಲ ಅದೇ ಕೆಲಸ. ಬಾಟಲಿ, ಸೌಟು, ಕಾಳು ಎಲ್ಲ ಚೀಲಕ್ಕೆ ಹೋಯಿತು. ಕುಂಡಗಳಲ್ಲಿದ್ದುದನ್ನು ಗಂಡ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ. ಗುಬ್ಬಿ ನೋಡಲು ಬಂದವರಿಗೆ ಗೇಟಿನಲ್ಲೇ ಓರಗಿತ್ತಿ ಹೇಳಿದಳು, "ಹಕ್ಕಿಗಳಿಗೆ ರೋಗ ಬಂದಿದೆ. ಹಿಂದೆ ಮುಟ್ಟಿದ್ದರೆ ಕೈ ಚೆನ್ನಾಗಿ ತೊಳ್ಕೊಳ್ಳಿ." ಹೆಂಗಸೊಬ್ಬಳು ನಿಂತಲ್ಲೇ ಅಂಗೈಯನ್ನು ಗೋಡೆಗೆ ಉಜ್ಜಿದಳು.

ಮಂಗಳವಾರದವರೆಗೂ ಗುಬ್ಬಿಗಳು ಖಾಲಿ ತಂತಿಗೆ ಬಂದು ಕೂರುತ್ತಿದ್ದವು. ಅದನ್ನು ನೋಡುವುದು ಕಷ್ಟವಾಯಿತು. ಕುರುಡು ಹಕ್ಕಿಗಳು ಬೇಲಿಯಡಿಯಲ್ಲೇ ಸತ್ತವು. ಅವಳು ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಆಯ್ದು ಹೂತಳು. ಉಳಿದವು ಚದುರಿಹೋದವು. ಎರಡು ತಿಂಗಳು ಕಳೆದ ಮೇಲೆ ಅವಳೂ ಓರಗಿತ್ತಿಯೂ ಸೇರಿ ಎರಡೇ ಎರಡು ಸ್ಟೀಲ್ ತಟ್ಟೆ ಕಟ್ಟಿದರು. ಒಂದು ದಿನಕ್ಕೆ ಸಾಲುವಷ್ಟೇ ಕಾಳು, ಸಂಜೆಗೆ ತಟ್ಟೆ ಇಳಿಸಿ ಕುದಿನೀರು. ಗುಬ್ಬಿಗಳು ಬಂದವು. ಬಾಗಿಲ ಚಿಲಕ ಸದ್ದಾದರೆ ಸಾಕು, ಭರ್ರೆಂದು ಒಂದೇ ಏಟಿಗೆ ಹಾರಿಹೋಗುತ್ತಿದ್ದವು. ಓರಗಿತ್ತಿ ಅದನ್ನು ನೋಡಿ ನಗುತ್ತಿದ್ದಳು.

ಭಾವ ಮಾತ್ರ ಕೆಳಗೆ ಬರಲಿಲ್ಲ.

"ಒಂದ್ಸಲ ಹೋಗಿ ಮಾತಾಡ್ಸು, ನೀನು ಚಿಕ್ಕೋಳು," ಎಂದು ಓರಗಿತ್ತಿ ಕೇಳಿಕೊಂಡದ್ದಕ್ಕೆ ಒಂದು ಸಂಜೆ ಅವಳು ಮೇಲೆ ಹೋದಳು. ಭಾವ ಕಿಟಕಿಯ ಬಳಿ ಮೇಜಿನ ಮೇಲೆ ಬಾಗಿದ್ದರು. ಅಂಗೈ ಮೇಲಿನ ಗುಬ್ಬಿಗಳ ಫೋಟೋಗಳನ್ನು ದೊಡ್ಡದಾಗಿ ಮಾಡಿಸಿ ತಂದು ಹರವಿಕೊಂಡಿದ್ದರು. ಕೈಯಲ್ಲಿ ಸಣ್ಣ ಕುಂಚ. ಊದಿದ ರೆಪ್ಪೆ, ಕೀವು, ಎಲ್ಲದರ ಮೇಲೂ ಕಂದು ಬಣ್ಣ ಹಚ್ಚಿ, ಅದರ ನಡುವೆ ಕಪ್ಪು ಮಣಿಯಂಥ ದುಂಡನೆಯ ಕಣ್ಣು ಬರೆಯುತ್ತಿದ್ದರು. ಕಲಿತ ಕೈ, ಕಣ್ಣೊಳಗೆ ಸೂಜಿಮೊನೆಯಷ್ಟು ಬಿಳಿ ಇಟ್ಟಾಗ ಹಕ್ಕಿ ನಿಜವಾಗಿಯೂ ನೋಡತೊಡಗಿತು.

"ಪ್ರದರ್ಶನಕ್ಕೆ ಕೇಳಿದ್ದಾರೆ," ಎಂದರು, ತಲೆ ಎತ್ತದೆ. "ಹೇಗಿದೆ, ನೋಡಿ ಹೇಳು."

ಅವಳು ನೋಡಿದಳು. ಒಂಬತ್ತು ಮುಗಿದಿದ್ದವು, ಇನ್ನೂ ಹತ್ತೋ ಹನ್ನೆರಡೋ ಇದ್ದವು. ಬಾಗಿಲು ಮುಂದೆಳೆದು ಮೆಟ್ಟಿಲಿಳಿದಳು. ಕೆಳಗಿನ ಮೆಟ್ಟಿಲಲ್ಲಿ ಓರಗಿತ್ತಿ ಕಾಯುತ್ತಿದ್ದಳು.

"ಮಾತಾಡಿದ್ರಾ?"

"ಅವರು ಮಾತಾಡಿದ್ರು ಅಕ್ಕ," ಎಂದಳು ಫಿನಾಯಿಲಮ್ಮ. "ನಂಗೇ ಬಾಯಿ ಬರ್ಲಿಲ್ಲ."